ಮುತ್ತಿನ ಹಾರವನ್ನು ಯುದ್ಧಚಿತ್ರ ಅನ್ನಬೇಡಿ

ಸೆಪ್ಟೆಂಬರ್ 17ರ ಮುಂಜಾನೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಧ್ವಜ ಏರುತ್ತದೆ. ಶಾಲೆಯ ಮಕ್ಕಳು ಬಿಸಿಲಿಗೆ ನಿಂತು ಭಾಷಣ ಕೇಳಿ, ಕೈಗೆ ಕೊಟ್ಟ ಸಿಹಿ ತಿಂದು ಮನೆಗೆ ಹೋಗುತ್ತಾರೆ. ಮರುದಿನ 18, ವಿಷ್ಣುವರ್ಧನ್ ಹುಟ್ಟಿದ ದಿನ. ಅಂದು ಮೊಬೈಲುಗಳ ಸ್ಟೇಟಸ್ಸಿನ ತುಂಬ 'ಮುತ್ತಿನ ಹಾರ'ದ ಸೈನಿಕ. ಕೆಳಗೊಂದು ಒಕ್ಕಣೆ: ಕನ್ನಡದ ಶ್ರೇಷ್ಠ ಯುದ್ಧಚಿತ್ರ, ಇಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರೋದಿಲ್ಲ. ಹದಿನೇಳರಂದು ಏರಿಸಿದ ಧ್ವಜ ಯಾವ ಯುದ್ಧದ್ದು ಎಂದು ಕೇಳಿದರೆ ತಡವರಿಸುವ ಹುಡುಗರು ಹದಿನೆಂಟರಂದು ಯುದ್ಧಚಿತ್ರಗಳ ತೀರ್ಪು ಕೊಡುತ್ತಾರೆ. ಅವರನ್ನು ಬೈದು ಏನೂ ಆಗಬೇಕಿಲ್ಲ. ಮೂರು ದಶಕದಿಂದ ದೊಡ್ಡವರು, ಪತ್ರಿಕೆಯವರು, ಟಿವಿಯವರು ಇದೇ ಮಾತನ್ನು ಅವರ ಕಿವಿಗೆ ಹಾಕುತ್ತ ಬಂದಿದ್ದಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಮಾತು ತಪ್ಪು.

ಚಿತ್ರದ ಮೇಲೆ ನನಗೆ ದ್ವೇಷವಿಲ್ಲ. 1990ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಇದನ್ನು ತೆರೆಗೆ ತಂದಾಗ ಕನ್ನಡದಲ್ಲಿ ಅಷ್ಟು ದೊಡ್ಡ ಪ್ರಯತ್ನ ಮಾಡುವ ಎದೆ ಯಾರಿಗೂ ಇರಲಿಲ್ಲ. ವಿಷ್ಣುವರ್ಧನ್, ಸುಹಾಸಿನಿ ಇಬ್ಬರೂ ಜೀವ ಇಟ್ಟು ನಟಿಸಿದ್ದಾರೆ. ಹಂಸಲೇಖ ಕೂರಿಸಿದ ರಾಗಕ್ಕೆ ಬಾಲಮುರಳಿಕೃಷ್ಣ ದನಿ ಕೊಟ್ಟ ಹಾಡು ಇವತ್ತಿಗೂ ಗಂಟಲು ಕಟ್ಟಿಸುತ್ತದೆ. ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದ್ದೇ. ಗಂಗಾವತಿಯ ಟಾಕೀಜಿನಲ್ಲಿ ಕೂತು ನಾನೂ ಅತ್ತವನು. ಆದರೆ ಅತ್ತದ್ದು ಗಂಡಹೆಂಡಿರ ಸಲುವಾಗಿ, ಅವರು ಕಳಕೊಂಡ ಕೂಸಿನ ಸಲುವಾಗಿ. ಯುದ್ಧದ ಬಗ್ಗೆ ನನಗೆ ಆ ಚಿತ್ರ ಒಂದು ಅಕ್ಷರವನ್ನೂ ಕಲಿಸಲಿಲ್ಲ.

ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಕಾಕಾನ ಜೊತೆ ಕೂತು ಟಿವಿಯಲ್ಲಿ ನೋಡುವಾಗ. ಕಾಕಾ 71ರ ಯುದ್ಧದಲ್ಲಿ ಪಂಜಾಬಿನ ಗಡಿಯಲ್ಲಿದ್ದವರು. ಮಾತು ಕಡಿಮೆ. ಸಿನಿಮಾ ಮುಗಿಯುವ ತನಕ ಸುಮ್ಮನೆ ನೋಡಿದರು. ಆಮೇಲೆ ಅಂದರು: "ಭಾಳ ಚೊಲೊ ಐತಿ ತಮ್ಮಾ. ಆದ್ರ ಆ ಮನಷ್ಯಾ ಒಮ್ಮೆರ ಕುಂತು ಬೂಟು ಬಿಚ್ಚಿ ಕಾಲು ನೋಡ್ಕೊಂಡಿದ್ದು ನನಗ ನೆನಪಾಗವಲ್ದು." ಡಿಸೆಂಬರಿನ ಚಳಿಯಲ್ಲಿ ಹಸಿ ಕಾಲ್ಚೀಲ ಕಳಚಿ, ಅಂಗಿಯೊಳಗೆ ಬರಿಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗುತ್ತಿದ್ದರಂತೆ. ಬೆಳಗಾಗುವಷ್ಟರಲ್ಲಿ ಮೈಕಾವಿಗೆ ಅರ್ಧ ಆರಿರುತ್ತಿದ್ದವು. "ಯುದ್ಧ ಅಂದ್ರ ಕಾಲು" ಅಂದು ಎದ್ದು ಎಮ್ಮೆಗೆ ಮೇವು ಹಾಕಲು ಹೋದರು. ಹೊಟ್ಟೆಯ ಮೇಲೆ ಒದ್ದೆ ಕಾಲ್ಚೀಲ ಇಟ್ಟುಕೊಂಡು ಮಲಗಿದ ಮನುಷ್ಯನ ಮುಂದೆ ನಮ್ಮ ಹಿಮದ ಹಾಡುಗಳು ಎಷ್ಟು ಹಗುರ ಎಂದು ಅಂದು ಗೊತ್ತಾಯಿತು.

ಪ್ರೇಮಕಥೆಯೊಳಗೇ ಯುದ್ಧ ಬರಬಾರದೇ ಎಂದು ಅಭಿಮಾನಿಗಳು ಮೈಮೇಲೆ ಬರುತ್ತಾರೆ. ಧಾರಾಳವಾಗಿ ಬರಲಿ. 1959ರಲ್ಲಿ ರಷ್ಯದ ಗ್ರಿಗೊರಿ ಚುಖ್ರಾಯ್ 'ಬ್ಯಾಲಡ್ ಆಫ್ ಎ ಸೋಲ್ಜರ್' ತೆಗೆದ. ಅಲ್ಲಿ ರಣರಂಗ ಇರುವುದು ಮೊದಲ ಕೆಲವು ನಿಮಿಷ ಮಾತ್ರ. ಉಳಿದದ್ದೆಲ್ಲ ಒಬ್ಬ ಹುಡುಗ ರಜೆಯ ಮೇಲೆ ತಾಯಿಯನ್ನು ನೋಡಲು ಹೋಗುವ ರೈಲುದಾರಿ. ದಾರಿಯಲ್ಲಿ ಇನ್ನೊಬ್ಬ ಸೈನಿಕ ತನ್ನ ಹೆಂಡತಿಗೆ ಕೊಡು ಎಂದು ಸಾಬೂನು ಕಳಿಸುತ್ತಾನೆ. ದಳದಲ್ಲಿದ್ದ ಸಾಬೂನೇ ಅಷ್ಟು. ಹುಡುಗ ಹೋಗಿ ನೋಡಿದರೆ ಆ ಹೆಂಡತಿ ಮತ್ತೊಬ್ಬನ ಜೊತೆ ಇದ್ದಾಳೆ. ಕೊಟ್ಟ ಸಾಬೂನನ್ನು ವಾಪಸು ಕಸಿದುಕೊಂಡು ಹೋಗಿ ಸೈನಿಕನ ತಂದೆಯ ಕೈಗಿಡುತ್ತಾನೆ. ಒಂದು ತುಂಡು ಸಾಬೂನಿನಲ್ಲಿ ಇಡೀ ದೇಶದ ಬರ, ನಂಬಿಕೆ, ದ್ರೋಹ ಎಲ್ಲ ಬಂತು. ಅದು ಯುದ್ಧಚಿತ್ರ. 'ಮುತ್ತಿನ ಹಾರ'ದಲ್ಲಿ ಅಂಥ ಒಂದು ಸಾಬೂನು ತೋರಿಸಿ.

ನನ್ನ ತಕರಾರು ಒಂದೇ. 'ಮುತ್ತಿನ ಹಾರ'ದ ಸೈನಿಕ ಅಚ್ಚಪ್ಪನನ್ನು ಯುದ್ಧಕ್ಕೆ ಕಳಿಸಿದವರು ಯಾರು?

ಈ ಚಿತ್ರದಲ್ಲಿ ಯುದ್ಧ ಮಳೆಗಾಲದಂತೆ ಬರುತ್ತದೆ. ಎರಡನೇ ಮಹಾಯುದ್ಧ ಬಂತು, ಹೋಯಿತು. ಚೀನಾ ಬಂತು, ಹಿಮ ಬಿತ್ತು. ವಿಧಿ ಆಡಿಸಿತು, ದಂಪತಿ ನರಳಿದರು. ಆದರೆ ಯುದ್ಧ ಮುಗಿಲಿನಿಂದ ಉದುರುವುದಿಲ್ಲ. ಅದಕ್ಕೆ ತಾರೀಖಿದೆ, ಆದೇಶವಿದೆ, ಕೆಳಗೆ ಒಬ್ಬನ ಸಹಿ ಇದೆ. ಬ್ರಿಟಿಷರ ಸಮವಸ್ತ್ರ ತೊಟ್ಟ ಸೈನಿಕನ ಕಥೆ ಹೇಳುವಾಗ ಅದು ಯಾವ ಕಾಲ ಎಂಬ ನೆನಪು ಬೇಡವೇ? 1942ರಲ್ಲಿ ಊರೂರಲ್ಲಿ ಚಲೇಜಾವ್ ಚಳವಳಿ ನಡೆದಿತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವ ಬ್ರಿಟಿಷ್ ಸರಕಾರದ ಗುಂಡಿಗೆ ಬಿದ್ದ. ಅದೇ ವರ್ಷ ಬಂಗಾಳದಲ್ಲಿ ಜನ ಹಸಿವಿನಿಂದ ರಸ್ತೆಯ ಮೇಲೆ ಸತ್ತರು. 1944ರಲ್ಲಿ ಬರ್ಮಾ ಗಡಿಯಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನ ಭಾರತೀಯರೂ, ಬ್ರಿಟಿಷ್ ಸೇನೆಯ ಭಾರತೀಯರೂ ಎದುರುಬದುರು ನಿಂತರು. ಆ ಸಮವಸ್ತ್ರ ತೊಟ್ಟವನ ಎದೆಯೊಳಗೆ ಏನೆಲ್ಲ ನಡೆದಿರಬೇಕು! ಆ ಸಂಕಟದ ಮೇಲೆ ಚಿತ್ರ ನಿಲ್ಲುವುದಿಲ್ಲ. ಮುಂದಿನ ಹಾಡಿಗೆ ಹೊರಡುತ್ತದೆ.

1962ರ ಮಾತಂತೂ ಇನ್ನೂ ಕೆಟ್ಟದ್ದು. ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ನಮ್ಮ ಹುಡುಗರು ಸತ್ತದ್ದು ಹಿಮದಿಂದಷ್ಟೇ ಅಲ್ಲ. ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟು, ಹಳೇ ರೈಫಲ್ ಕೊಟ್ಟು ಹಿಮಾಲಯ ಹತ್ತಿಸಿದರಲ್ಲ, ಅದರಿಂದ ಸತ್ತರು. ಅಚ್ಚಪ್ಪ ಕೊಡಗಿನವನು. ಅದೇ ಕೊಡಗಿನ ಜನರಲ್ ತಿಮ್ಮಯ್ಯ 1957ರಿಂದ 1961ರ ಮೇವರೆಗೆ ಇಡೀ ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಬರೆದುಕೊಟ್ಟರು, ನೆಹರೂ ಕರೆದು ಮಾತಾಡಿ ವಾಪಸು ತೆಗೆಸಿಕೊಂಡರು. ತಿಮ್ಮಯ್ಯ ನಿವೃತ್ತರಾಗಿ ಹದಿನೇಳು ತಿಂಗಳಿಗೆ ಚೀನಾ ಯುದ್ಧ. ಕೊಡವ ಸೈನಿಕನೊಬ್ಬನನ್ನು ಹಿಮದಲ್ಲಿ ಸಾಯಹೊಡೆಯುವ ಯುದ್ಧದ ಹಿಂದೆ ಕೊಡವ ದಂಡನಾಯಕನೊಬ್ಬನ ಇಷ್ಟು ದೊಡ್ಡ ಕಥೆ ಇದ್ದರೂ ಅದನ್ನು ಮುಟ್ಟದ ಚಿತ್ರ ಯುದ್ಧದ ಬಗ್ಗೆ ಏನು ಹೇಳಿದಂತಾಯಿತು? ಅಚ್ಚಪ್ಪನಿಗೆ ಆ ಬಟ್ಟೆ ಕೊಟ್ಟವರು ಯಾರು? ಕಳಿಸಿದವರು ಯಾರು? ಹಿಂದಿಯಲ್ಲಿ ಚೇತನ್ ಆನಂದ್ ಯುದ್ಧ ಮುಗಿದು ಎರಡೇ ವರ್ಷಕ್ಕೆ, 1964ರಲ್ಲಿ, 'ಹಕೀಕತ್' ತೆಗೆದರು. ಅದರಲ್ಲೂ ಹಾಡುಗಳಿವೆ. ಆದರೆ ಸೋತ ದೇಶದ ಅವಮಾನ ಅದರ ಚೌಕಟ್ಟಿನ ತುಂಬ ಇದೆ. ನಮ್ಮವರಿಗೆ ಇಪ್ಪತ್ತೆಂಟು ವರ್ಷ ಸಿಕ್ಕಿತ್ತು.

ಇದನ್ನು ನಾನು ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವಿದೆ. 'ಮುತ್ತಿನ ಹಾರ' ಒಂದಿದೆ, ಯುದ್ಧದ ಲೆಕ್ಕ ಮುಗಿಯಿತು ಎಂದು ಬೆಂಗಳೂರು ತಿಳಿದುಕೊಂಡಿದೆ. ಇಲ್ಲಿಗೆ ಬನ್ನಿ. ಕೊಪ್ಪಳದ ಕೋಟೆಯ ಮೆಟ್ಟಿಲು ಹತ್ತಿ. 1786ರಲ್ಲಿ ಟಿಪ್ಪು ವಶಕ್ಕೆ ಬಂದು, ಫ್ರೆಂಚ್ ಎಂಜಿನಿಯರುಗಳು ಗಟ್ಟಿಮಾಡಿದ ಕೋಟೆ ಇದು. 1790ರಲ್ಲಿ ನಿಜಾಮ ಮತ್ತು ಇಂಗ್ಲಿಷರ ಸೈನ್ಯ ಬಂದು ತಿಂಗಳುಗಟ್ಟಲೆ ಸುತ್ತುಗಟ್ಟಿ ಕೂತಿತು. ಆಯುಧ ಒಪ್ಪಿಸಿರಿ ಎಂಬ ಬ್ರಿಟಿಷರ ಕಾಯ್ದೆಗೆ ಸಿಟ್ಟಿಗೆದ್ದು ಬಂಡೆದ್ದ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು 1858ರ ಜೂನ್ 1ರಂದು ಇದೇ ಕೋಟೆಯಲ್ಲಿ ಬಿದ್ದರು. ಇವತ್ತು ಅಲ್ಲಿ ಆಡು ಮೇಯುತ್ತವೆ, ಗೋಡೆಗಳ ಮೇಲೆ ಪ್ರೇಮಿಗಳ ಹೆಸರು ಕೆತ್ತಿದ್ದಾರೆ. ಗಂಗಾವತಿಯಿಂದ ಜಬ್ಬಲಗುಡ್ಡದ ಕಡೆ ಹೋದರೆ ಕುಮ್ಮಟದುರ್ಗ. ದಿಲ್ಲಿಯ ತುಘಲಕನಿಗೆ ಎದುರು ಬಿದ್ದು ಓಡಿಬಂದವನಿಗೆ ಆಶ್ರಯ ಕೊಟ್ಟು, ಕೊಟ್ಟ ಮಾತಿಗಾಗಿ ಇಡೀ ರಾಜ್ಯ ಕಳಕೊಂಡ ಕಂಪಿಲಿಯ ಮನೆತನದ ನೆಲ. ಅದೇ ಮನೆತನದ ಕುಮಾರರಾಮನ ಹೆಸರಲ್ಲಿ ಶಿವರಾಜ್‌ಕುಮಾರ್ ಅವರ ಚಿತ್ರವೊಂದು ಬಂದದ್ದು ನಿಜ. ಆದರೆ ಅದರಲ್ಲಿ ಕುಮ್ಮಟದ ಬಂಡೆಯ ಕಾವು ನನಗೆ ತಗುಲಲಿಲ್ಲ.

ಹೋಗಲಿ, ಅವು ಹಳೆಯವು. ಸೆಪ್ಟೆಂಬರ್ 17ರ ಧ್ವಜದ ಹಿಂದಿನ ಆ ಹದಿಮೂರು ತಿಂಗಳು? 1947ರ ಆಗಸ್ಟ್ 15ರಂದು ಗಜೇಂದ್ರಗಡದಲ್ಲಿ ತಿರಂಗಾ ಹಾರಿತು. ಪಕ್ಕದ ಕುಷ್ಟಗಿಯಲ್ಲಿ ಹಾರಲಿಲ್ಲ. ಅದು ನಿಜಾಮನ ರಾಯಚೂರು ಜಿಲ್ಲೆ. ನಡೆದು ದಾಟಬಹುದಾದ ಗಡಿಯ ಆಚೆ ಸ್ವಾತಂತ್ರ್ಯ, ಈಚೆ ನಿಜಾಮನ ಪರ ನಿಂತ ರಜಾಕಾರರು. ಇಲ್ಲಿಯ ಹುಡುಗರು ಗಡಿ ದಾಟಿ ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಶಿಬಿರ ಹೂಡಿದರು. ಅಳವಂಡಿ ಶಿವಮೂರ್ತಿಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಅವರ ಜೊತೆ ರೈತರ ಮಕ್ಕಳು ಬಂದೂಕು ಹಿಡಿಯಲು ಕಲಿತರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು, 17ಕ್ಕೆ ಮುಗಿಯಿತು. ಸೇನೆಗೆ ಐದು ದಿನ. ನಮ್ಮ ಹಳ್ಳಿಗಳಿಗೆ ಹದಿಮೂರು ತಿಂಗಳು.

ಅದೇ ನಿಜಾಮನ ಕೆಳಗಿದ್ದ ತೆಲುಗರು 1979ರಲ್ಲಿ 'ಮಾ ಭೂಮಿ' ಮಾಡಿದರು. ಗೌತಮ್ ಘೋಷ್ ಎಂಬ ಬಂಗಾಳಿ ಬಂದು ತೆಲಂಗಾಣದ ರೈತನ ಮಾತು, ಹಾಡು, ಬೆವರನ್ನು ತೆರೆಗೆ ತಂದ. ನಮ್ಮ ಹದಿಮೂರು ತಿಂಗಳ ಮೇಲೆ ಜನರ ಬಾಯಲ್ಲಿ ನಿಂತ ಒಂದೇ ಒಂದು ಕನ್ನಡ ಚಿತ್ರದ ಹೆಸರು ಹೇಳಿ ನೋಡೋಣ. ಕನ್ನಡ ಸಿನಿಮಾಕ್ಕೆ ನಮ್ಮ ಮಾತು ಬೇಕಾಗುವುದು ನಗಿಸುವುದಕ್ಕೆ. ನಾಯಕನ ಮನೆಯ ಅಡುಗೆಯವನು, ಸ್ಟೇಷನ್ನಿನ ಪೇದೆ, ಪೇಟೆಗೆ ಬಂದು ದಾರಿ ತಪ್ಪಿದವನು ನಮ್ಮ ಕನ್ನಡ ಮಾತಾಡುತ್ತಾನೆ, ಥೇಟರು ನಗುತ್ತದೆ. ಈ ಮಾತಿನಲ್ಲಿ ಒಬ್ಬ ತಾಯಿ ಮಗನನ್ನು ಶಿಬಿರಕ್ಕೆ ಕಳಿಸಿಕೊಟ್ಟದ್ದನ್ನು, ಅವನು ಬಾರದೇ ಇದ್ದಾಗ ಹಾಡಿ ಅತ್ತದ್ದನ್ನು ತೋರಿಸಲು ಇವರಿಗೆ ಯಾಕೆ ಮನಸ್ಸಾಗಲಿಲ್ಲ? ಹಿಮ ತೋರಿಸಲು ಕಾಶ್ಮೀರದವರೆಗೆ ಹೋದ ಗಾಂಧಿನಗರಕ್ಕೆ ಕುಷ್ಟಗಿಯ ರಸ್ತೆ ಯಾಕೆ ಸಿಗಲಿಲ್ಲ?

ವಿಷ್ಣುವರ್ಧನ್ ಅಂಥ ನಟನಿಗೆ ನಾವು ಮಾಡಿದ ಅನ್ಯಾಯವೂ ಇದೇ. ಆ ಮುಖದಲ್ಲಿ ಸೋಲನ್ನು, ಸಂಶಯವನ್ನು ಹೊರುವ ಶಕ್ತಿ ಇತ್ತು. ಯುದ್ಧವನ್ನು ಪ್ರಶ್ನಿಸುವ ಸೈನಿಕನ ಪಾತ್ರವನ್ನು ಅವರಿಗೆ ಯಾರೂ ಬರೆದುಕೊಡಲಿಲ್ಲ. ಕೊಟ್ಟದ್ದು ಅಳಿಸುವ ಪಾತ್ರ, ಅಳಿಸಿದರು. ಅದನ್ನೇ ಶಿಖರ ಅಂದು ನಾವು ಸುಮ್ಮನಾದೆವು.

ನಮ್ಮ ಹಳೇಮನೆಯ ಪಡಸಾಲೆಯಲ್ಲಿ ಜೋಳ ತುಂಬಿಡುವ ನೆಲದೊಳಗಿನ ಒಂದು ಹಗೇವು ಇದೆ. ಈಗ ಬರಿದು, ಬಾಯಿಗೆ ಕಲ್ಲು ಮುಚ್ಚಿದೆ. ರಜಾಕಾರರು ಬಂದ ರಾತ್ರಿ ಅಜ್ಜಿ ಮೇಲಿನ ಜೋಳ ಸರಿಸಿ, ಎರಡು ಕೂಸುಗಳನ್ನು ಒಳಗಿಳಿಸಿ, ಉಸಿರಾಡಲು ಕಲ್ಲನ್ನು ನಾಲ್ಕು ಬೆರಳು ಸರಿಸಿಟ್ಟು, ಅದರ ಪಕ್ಕವೇ ಬೀಸುಕಲ್ಲು ಹಾಕಿಕೊಂಡು ಬೀಸುತ್ತ ಕೂತಿದ್ದಳಂತೆ. ಕೂಸುಗಳು ಅತ್ತರೆ ಕೇಳಬಾರದು ಎಂದು ಬೆಳಗಿನ ತನಕ ಬೀಸಿದಳು, ಕಾಳು ಮುಗಿದ ಮೇಲೆ ಬರಿ ಕಲ್ಲನ್ನೇ ತಿರುವಿದಳು. ಹೇಳುವಾಗೆಲ್ಲ ಬಲಗೈಯ ಅಂಗೈ ಅಗಲಿಸಿ ತೋರಿಸುತ್ತಿದ್ದಳು. ಆ ರಾತ್ರಿ ಬಂದವರು ಯಾರು, ಯಾವ ಊರಿನವರು, ಅವರನ್ನು ಕಳಿಸಿದ್ದು ಯಾರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಿದ್ದಳು.