ತೋರಿಸದ ಸುದ್ದಿ

ರಿಟೈರಾದ ಮೇಲೆ ಬಲಪಂಥೀಯ ಚಾನೆಲ್ ಫಾಕ್ಸ್ ನ್ಯೂಸ್ ಮುಂದೆ ಕೂತ ಅಪ್ಪ ಬೇರೆಯೇ ಮನುಷ್ಯರಾಗಿಬಿಟ್ಟರು ಎಂಬ ದೂರು ಅಮೆರಿಕದ ಮನೆಗಳಲ್ಲಿ ಮಾಮೂಲು. ಜೆನ್ ಸೆಂಕೊ ಎಂಬ ನಿರ್ದೇಶಕಿ ತಮ್ಮ ತಂದೆ ಹೀಗೆ ಬದಲಾದ ಬಗ್ಗೆ 2015ರಲ್ಲಿ ಸಾಕ್ಷ್ಯಚಿತ್ರವನ್ನೇ ಮಾಡಿದರು. ವಯಸ್ಸಾದವರು ಹೇಳಿದ್ದನ್ನೆಲ್ಲ ನಂಬುತ್ತಾರೆ ಎಂದು ಮಕ್ಕಳು ಷರಾ ಬರೆಯುತ್ತಾರೆ. ಆಧಾರವೇ ಇಲ್ಲವೆಂದಲ್ಲ: 2016ರ ಚುನಾವಣೆಯ ಹೊತ್ತಿಗೆ ಫೇಸ್‌ಬುಕ್‌ನಲ್ಲಿ 65 ದಾಟಿದವರು ಹಂಚಿದ ಸುಳ್ಳು ಸುದ್ದಿ ಎಳೆಯರು ಹಂಚಿದ್ದಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಆದರೂ ಮುಪ್ಪಿನ ತಲೆಗೆ ತಪ್ಪು ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

2020ರ ಸೆಪ್ಟೆಂಬರಿನಲ್ಲಿ ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಎಂಬ ಸಂಶೋಧಕರು ಫಾಕ್ಸ್‌ನ ಕಾಯಂ ವೀಕ್ಷಕರಿಗೆ ಗಂಟೆಗೆ 15 ಡಾಲರ್ ಕೊಟ್ಟು ತಿಂಗಳ ಕಾಲ ಸಿಎನ್‌ಎನ್ ನೋಡಿಸಿದರು. ಕಟ್ಟಾ ಪಕ್ಷನಿಷ್ಠರು ಕದಲಲಾರರು ಎಂಬುದು ಎಲ್ಲರ ಎಣಿಕೆ. ಕದಲಿದರು. ಕೋವಿಡ್ ಬಗ್ಗೆ ಅವರ ತಿಳಿವಳಿಕೆ ಬದಲಾಯಿತು; ಟ್ರಂಪ್ ತಪ್ಪು ಮಾಡಿದರೆ ಫಾಕ್ಸ್ ಅದನ್ನು ಹೇಳುವುದಿಲ್ಲ ಎಂದು ಒಪ್ಪುವವರೂ ಹೆಚ್ಚಾದರು. ಚಾನೆಲ್ಲಿನ ಬಲ ಇರುವುದು ಇಲ್ಲೇ. ಸುಳ್ಳು ಹೇಳಿದರೆ ಎಂದಾದರೂ ಸಿಕ್ಕಿಬೀಳಬಹುದು. ಹೇಳದೆ ಬಿಟ್ಟದ್ದನ್ನು ಹಿಡಿಯುವುದು ಹೇಗೆ? ಇದರಲ್ಲಿ ವಯಸ್ಸಿನ ಪಾಲು ಇಷ್ಟೇ: ದಿನವಿಡೀ ಒಂದೇ ಚಾನೆಲ್ ಹಾಕಿಕೊಂಡು ಕೂರುವಷ್ಟು ಬಿಡುವಿರುವವರು ಹಿರಿಯರೇ. (ಎದುರು ಪಾಳೆಯದ, 2025ರವರೆಗೆ ಎಂಎಸ್‌ಎನ್‌ಬಿಸಿ ಎನಿಸಿಕೊಂಡಿದ್ದ ಚಾನೆಲ್ಲಿನ ನೋಡುಗರೂ ಬಹುಪಾಲು ಅರವತ್ತು ದಾಟಿದವರು.)

ಹಾಗೆಂದು ನೋಡುಗರು ಬರೀ ಬಲಿಪಶುಗಳಲ್ಲ. 2020ರ ಮತ ಎಣಿಕೆಯ ರಾತ್ರಿ ಅರಿಜೋನಾ ಬೈಡನ್ ಪಾಲಾಯಿತೆಂದು ಫಾಕ್ಸ್ ಎಲ್ಲರಿಗಿಂತ ಮೊದಲು ಸಾರಿತು. ಸಿಟ್ಟಾದ ವೀಕ್ಷಕರು ಟ್ರಂಪ್ ಪರವಾದ ನ್ಯೂಸ್‌ಮ್ಯಾಕ್ಸ್ ಚಾನೆಲ್ ಕಡೆ ಹೊರಳಿದರು. ಬೆದರಿದ ಚಾನೆಲ್ ಮತಯಂತ್ರದ ಮೋಸದ ಕಥೆಗಳಿಗೆ ಜಾಗ ಕೊಟ್ಟಿತು, 2023ರಲ್ಲಿ ಆ ಯಂತ್ರಗಳನ್ನು ತಯಾರಿಸಿದ ಡೊಮಿನಿಯನ್ ಕಂಪನಿಗೆ ಮಾನಹಾನಿ ಮೊಕದ್ದಮೆಯ ರಾಜಿಗಾಗಿ 78.75 ಕೋಟಿ ಡಾಲರ್ ತೆತ್ತಿತು. ಒಬ್ಬರನ್ನೊಬ್ಬರು ಸಾಕಿಕೊಳ್ಳುವ ವ್ಯಾಪಾರವಿದು.

ಈ ವ್ಯಾಪಾರಕ್ಕೆ ಕಡಿವಾಣ ಹಾಕಬಹುದೆ? ಪ್ರಸಾರಕರು ಎರಡೂ ಪಕ್ಷದ ಮಾತಿಗೆ ಜಾಗ ಕೊಡಬೇಕೆಂಬ ಹಳೆಯ ನಿಯಮವನ್ನು ಅಮೆರಿಕ 1987ರಲ್ಲೇ ಕೈಬಿಟ್ಟಿತು. ಅದನ್ನು ಮರಳಿ ತಂದರೂ ಪ್ರಯೋಜನ ಕಡಿಮೆ. ರೇಡಿಯೊ ತರಂಗಗಳ ಮೂಲಕ ನಡೆಯುವ ಪ್ರಸಾರಕ್ಕೆಂದು ಮಾಡಿದ್ದ ಆ ನಿಯಮ ಕೇಬಲ್ ಚಾನೆಲ್‌ಗಳನ್ನು ಮುಟ್ಟುತ್ತಿರಲಿಲ್ಲ. ಉಳಿದಿರುವ ದಾರಿ ಅಪ್ಪನ ಪಕ್ಕದ ಕುರ್ಚಿ. ವಾದಕ್ಕಿಳಿಯುವುದು ಬೇಡ, ಕೂತು ಇನ್ನೊಂದು ಚಾನೆಲ್ಲನ್ನೂ ಜೊತೆಯಲ್ಲಿ ನೋಡಿ, ಅದೂ ಬಿಡದೆ. ಏಕೆಂದರೆ ಆ ಪ್ರಯೋಗದಲ್ಲಿ ಸಿಎನ್‌ಎನ್ ನೋಡಿದವರು ದುಡ್ಡು ನಿಂತೊಡನೆ ಫಾಕ್ಸ್‌ಗೆ ಮರಳಿದ್ದರು. ಎರಡು ತಿಂಗಳೊಳಗೆ ಅವರ ಅಭಿಪ್ರಾಯಗಳಲ್ಲಿ ಹೆಚ್ಚಿನವು ಮೊದಲಿದ್ದಂತೆಯೇ ಆಗಿದ್ದವು.