ಮೊಳೆ ಮೇಲೇರಲಿಲ್ಲವೇಕೆ?

“ಸಾರ್, ಐದನೇ ಕ್ಲಾಸಿನಲ್ಲಿದ್ದಾಗ ನನ್ನ ತಲೆಮಟ್ಟಕ್ಕೆ ಬೇವಿನ ಮರಕ್ಕೆ ಮೊಳೆ ಹೊಡೆದಿದ್ದೆ. ಐದು ವರ್ಷದಲ್ಲಿ ಮರ ಎಷ್ಟೋ ಬೆಳೆದಿದೆ. ಮೊಳೆ ಮಾತ್ರ ನನ್ನ ಭುಜದ ಮಟ್ಟಕ್ಕಿದೆ!” ಎಂದ ಒಬ್ಬ ಹುಡುಗ. “ನಿನ್ನ ಅಳತೆ ತಪ್ಪು, ಕೂತ್ಕೋ” ಎಂದು ಗದರಿಸಿದೆ. ಸಂಜೆ ಯೋಚಿಸಿದಾಗ ತಪ್ಪು ನನ್ನದೆಂದು ಹೊಳೆಯಿತು.

ಮರ ಉದ್ದವಾಗುವುದು ರೆಂಬೆ, ಬೇರುಗಳ ತುದಿಯಲ್ಲಿ. ಅಲ್ಲಿನ ವರ್ಧನ ಅಂಗಾಂಶದಿಂದ ಮರ ಬದುಕಿರುವವರೆಗೂ ಹೊಸ ಎಲೆ, ಹೊಸ ರೆಂಬೆ ಹುಟ್ಟುತ್ತವೆ. ಬಲಿತ ಕಾಂಡ ದಪ್ಪವಾದೀತೇ ಹೊರತು ಉದ್ದವಾಗದು. ನಮ್ಮಲ್ಲಿ ಹಾಗಲ್ಲ. ಕೈಕಾಲು, ಹೃದಯ, ಕಣ್ಣು ಎಲ್ಲವೂ ತಾಯಿಯ ಗರ್ಭದಲ್ಲೇ ಮೂಡಿರುತ್ತವೆ; ಹುಟ್ಟಿದ ಮೇಲೆ ಅವು ದೊಡ್ಡದಾಗುತ್ತವೆ, ಬಲಿಯುತ್ತವೆ. ಸುಮಾರು 20ರೊಳಗೆ ಎತ್ತರವೂ ನಿಲ್ಲುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಮೊಳೆತ ಅವರೆಕಾಳಿನ ಬೇರಿಗೆ ಮಿಲಿಮೀಟರಿಗೊಂದರಂತೆ ಇಂಕಿನ ಗೆರೆ ಎಳೆದು ಒದ್ದೆ ಹತ್ತಿಯ ಮೇಲಿಡಿ. ಎರಡು ದಿನದಲ್ಲಿ ತುದಿಯ ಹತ್ತಿರದ ಗೆರೆಗಳಷ್ಟೇ ದೂರ ಸರಿದಿರುತ್ತವೆ.

ಮರುದಿನ ಹುಡುಗನೊಡನೆ ಮರದ ಬಳಿ ಹೋದೆ. ಮೊಳೆ ಅಲ್ಲೇ ಇತ್ತು. ದಪ್ಪವಾದ ಕಾಂಡ ಅದನ್ನು ಅರ್ಧ ನುಂಗಿತ್ತು. ಅವನ ಕ್ಷಮೆ ಕೇಳಿದೆ. ಪಾಲಕರೇ, ಮಕ್ಕಳ ಪ್ರಶ್ನೆ ವಿಚಿತ್ರವೆನಿಸಿದರೆ ಗದರುವ ಮೊದಲು ಅವರೊಡನೆ ಹೋಗಿ ನೋಡಿ.