ಚೌಳು ನೆಲದಲ್ಲಿ ಎಳೆಯ ಸಸಿ

ಬಿತ್ತಿದ ಬೀಜ ಮೊಳೆಯದಿದ್ದರೆ ರೈತನಿಗೆ ಬೇಸರವಾಗುತ್ತದೆ; ಮೊಳೆತು, ಎರಡೆಲೆ ತೋರಿ, ಆಮೇಲೆ ಸುಟ್ಟುಹೋದರೆ ಆತನ ಎದೆಯೇ ಒಡೆಯುತ್ತದೆ. ಚೌಳು ಗದ್ದೆಗಳಲ್ಲಿ ನಡೆಯುವುದು ಹೆಚ್ಚಾಗಿ ಈ ಎರಡನೆಯದೇ. ಬತ್ತದ ಬೀಜ ಸಾಕಷ್ಟು ಉಪ್ಪನ್ನು ಸಹಿಸಿ ಮೊಳೆಯಬಲ್ಲುದು. ಬಲಿತ ಪೈರೂ ಒಂದಿಷ್ಟು ತಾಳಿಕೊಳ್ಳುತ್ತದೆ. ಹೂ ಬಿಡುವಾಗ ಮತ್ತೊಮ್ಮೆ ಅಳುಕುತ್ತದೆ, ಅದಿರಲಿ. ಇವುಗಳ ನಡುವೆ, ಮೊದಲ ಎರಡು ಮೂರು ವಾರಗಳ ಸಸಿ ಮಾತ್ರ ಬಲು ಸುಕುಮಾರಿ. ಮಣ್ಣಿನ ಉಪ್ಪು ನೀರನ್ನು ಬಿಗಿಹಿಡಿದಿರುವುದರಿಂದ ಬೇರು ತೇವದ ನಡುವೆಯೇ ಬಾಯಾರುತ್ತದೆ. ಒಳಹೊಕ್ಕ ಉಪ್ಪನ್ನು ಹಂಚಿಡಲು ಆ ಪುಟ್ಟ ಒಡಲಿನಲ್ಲಿ ಎಡೆಯಿಲ್ಲ. ಎಲೆಯ ತುದಿ ಬಿಳಿಚಿ ಸುರುಳಿಗೊಳ್ಳುತ್ತದೆ.

ಈ ಕೆಲವು ವಾರಗಳನ್ನು ದಾಟಿಸುವ ಬಗೆಯನ್ನು ಕೇರಳದ ಪೊಕ್ಕಾಳಿ ಬೇಸಾಯಗಾರರಿಂದ ಕಲಿಯಬೇಕು. ಎರ್ನಾಕುಲಂ, ಆಲಪ್ಪುಳ, ತ್ರಿಶೂರು ಜಿಲ್ಲೆಗಳ ಹಿನ್ನೀರಿನ ಗದ್ದೆಗಳಿಗೆ ಬೇಸಗೆಯಲ್ಲಿ ಕಡಲಿನ ಉಪ್ಪುನೀರು ನುಗ್ಗುತ್ತದೆ. ಸೀಗಡಿಯ ಕಾಲ ಮುಗಿದೊಡನೆ ತೂಬಿನ ಮೂಲಕ ನೀರಿಳಿಸಿ, ಗದ್ದೆಯ ಮಣ್ಣನ್ನು ಸುಮಾರು ಒಂದು ಮೀಟರು ಅಗಲ, ಅರ್ಧ ಮೀಟರು ಎತ್ತರದ ದಿಬ್ಬಗಳಾಗಿ ಒಟ್ಟುತ್ತಾರೆ. ಮುಂಗಾರಿನ ಮಳೆ ನೆತ್ತಿಯಿಂದ ಸುರಿದು ದಿಬ್ಬದ ಉಪ್ಪನ್ನು ಕೆಳಕ್ಕೆ ತೊಳೆಯುತ್ತದೆ. ಆಗ ಮೊಳಕೆ ಕಟ್ಟಿದ ಬೀಜವನ್ನು ದಿಬ್ಬದ ಮೇಲೆ ಬಿತ್ತುತ್ತಾರೆ. ತಿಂಗಳೊಂದು ಕಳೆದು ಸಸಿ ಮೊಣಕಾಲುದ್ದವಾದಾಗ ದಿಬ್ಬವನ್ನೇ ಹೆಂಟೆಹೆಂಟೆಯಾಗಿ ಕಡಿದು, ಸಸಿಸಮೇತ ಗದ್ದೆಯ ತುಂಬ ಹರಡಿಬಿಡುತ್ತಾರೆ. ತೊಟ್ಟಿಲೂ ಅದೇ, ಹಾಸಿಗೆಯೂ ಅದೇ! ಉಪ್ಪು ತಾಳುವ ಗುಣವನ್ನು ಬೇರೆ ಬತ್ತಗಳಿಗೆ ಕೂಡಿಸಲು ವಿಜ್ಞಾನಿಗಳು ಈ ಪೊಕ್ಕಾಳಿಯನ್ನೇ ಆರಿಸಿಕೊಂಡರು. ನಮ್ಮ ಕುಮಟೆಯ ಬಳಿ ಅಘನಾಶಿನಿಯ ಗಜನಿಗಳಲ್ಲಿ ಬೆಳೆಯುವ ಕಗ್ಗ ಬತ್ತವೂ ಇಂಥದೇ ಗಟ್ಟಿ ಜೀವ.

ಇದನ್ನೋದಿ ತುಂಗಭದ್ರೆಯ ಕಾಲುವೆ ಬಯಲಿನ ಬಂಧುಗಳು ತಾವೂ ದಿಬ್ಬದ ನೆತ್ತಿಯಲ್ಲಿ ಬಿತ್ತಹೊರಟಾರು! ಸ್ವಲ್ಪ ತಾಳಬೇಕು. ಉಪ್ಪು ನೀರಿನ ಬೆನ್ನು ಹತ್ತಿ ಹೋಗುವಂಥದು. ಅಲ್ಲಿ ನೀರು ಮೇಲಿನಿಂದ ಬರುತ್ತದೆ. ಇಲ್ಲಿ ಸಾಲಿಗೆ ಬಿಟ್ಟ ಕಾಲುವೆಯ ನೀರು ಬೋದಿನ ಒಳಗಿಂದ ಮೇಲಕ್ಕೇರಿ ನೆತ್ತಿಯಲ್ಲಿ ಆರುತ್ತದೆ, ಹೊತ್ತು ತಂದ ಉಪ್ಪನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಬೋದಿನ ನೆತ್ತಿಯ ಬಿಳಿಯ ಹಪ್ಪಳಿಕೆಯನ್ನು ಕಾಣದವರಾರು? ಆದ್ದರಿಂದ ಬೋದು-ಸಾಲಿನ ಬೆಳೆಗಳಲ್ಲಿ ಬೀಜವನ್ನು ನೆತ್ತಿಯಲ್ಲಿಡದೆ ಇಳಿಜಾರಿನ ಮಗ್ಗುಲಲ್ಲಿಡಬೇಕು. ಒಂದು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸಿದರೆ ಉಪ್ಪು ಒಣಗಿದ ಮಗ್ಗುಲಿಗೆ ಸರಿಯುತ್ತದೆ. ನೀರಿನ ಮಗ್ಗುಲಲ್ಲಿ ಸಸಿ ನೆಮ್ಮದಿಯಾಗಿರುತ್ತದೆ.

ಬತ್ತಕ್ಕಾದರೋ, ಸಸಿಮಡಿಯನ್ನು ಊರಿನ ಒಳ್ಳೆಯ ನೆಲದಲ್ಲಿ, ನೆರೆಯವರನ್ನು ಬೇಡಿಯಾದರೂ ಸರಿ, ಮಾಡತಕ್ಕದ್ದು. ಇಪ್ಪತ್ತು ದಿನದ ಎಳಸು ಸಸಿಗೆ ಆತುರಪಡದೆ ಮೂವತ್ತು ಮೂವತ್ತೈದು ದಿನ ಬಲಿಸಿ, ಗುಣಿಗೆ ಮೂರು ನಾಲ್ಕರಂತೆ ನೆಡಬೇಕು. ನಾಟಿಗೆ ಮುಂಚೆ ಗದ್ದೆಯಲ್ಲಿ ಸಿಹಿನೀರು ನಿಲ್ಲಿಸಿ ಬಸಿದುಹಾಕಬೇಕು. ಬಸಿಗಾಲುವೆಯಿಲ್ಲದೆ ನೀರು ನಿಲ್ಲಿಸುವುದು ಮಾತ್ರ ಉಪ್ಪನ್ನು ಮನೆಗೆ ಕರೆದು ಕೂರಿಸಿದಂತೆ.

ಇನ್ನು ಜಿಪ್ಸಮ್. ಚೌಳೆಂದೊಡನೆ ಅದರ ಮೂಟೆ ಹೊರುವವರುಂಟು. ಸೋಡಿಯಂ ಮಣ್ಣಿಗಂಟಿಕೊಂಡ ಕ್ಷಾರ ಭೂಮಿಗೆ ಅದು ಮದ್ದು. ಬರಿಯ ಉಪ್ಪು ನೆಲಕ್ಕೆ ಬೇಕಾದುದು ತೊಳೆಯುವ ನೀರು ಮತ್ತು ಅದು ಹರಿದುಹೋಗುವ ದಾರಿ. ನಿಮ್ಮದು ಯಾವ ನೆಲವೆಂಬುದನ್ನು ಕಣ್ಣಳತೆಯಿಂದ ನಿರ್ಧರಿಸಬೇಡಿ; ಬಿತ್ತನೆಗೆ ಮೊದಲೇ ಹಿಡಿ ಮಣ್ಣನ್ನು ಪರೀಕ್ಷೆಗೆ ಕಳುಹಿಸಿರಿ.